ಕುರ್ಚಿಗಳು ನಿಧಾನವಾಗಿ ಬರುತ್ತವೆ

ಬೆತ್ತದ ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ಅಮ್ಮಾ,

ಮಂಡಿ ನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿಯಬೇಡ ಎಂದರೆ ನೀನು ಕೇಳುವವಳಲ್ಲ; ಬಟ್ಟೆಯ ಬುಟ್ಟಿ ಹೊತ್ತುಕೊಂಡಂತೂ ಇಳಿಯಬೇಡ. ಅಕ್ಕನ ಹೊಸ ಹೋಟೆಲಿನ ಗೋಡೆಗೆ ಬಣ್ಣ ಬಳಿದಾಯಿತೇ? ಇಲ್ಲಿ ನಾನು ಚೆನ್ನಾಗಿದ್ದೇನೆ. ಚೆನ್ನಾಗಿರುವುದು ಎಂದರೆ ನಿನಗೆ ಒಂದು ಅರ್ಥ, ನನಗೆ ಇನ್ನೊಂದು. ಅದನ್ನು ಹೇಳುವುದಕ್ಕೇ ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ. ಫೋನಿನಲ್ಲಿ ನನ್ನ ಮಾತು ಮುಗಿಯುವ ತನಕ ನೀನು ಎಲ್ಲಿ ಸುಮ್ಮನಿರುತ್ತೀಯ?

ಮೊನ್ನೆ ನೀನು ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ಹೋಟೆಲು ತೆರೆಯೋಕೆ ಒಂದೇ ತಿಂಗಳಿದೆ ಕಣೇ, ಅಷ್ಟೂ ಕುರ್ಚಿ ನೀನೇ ಹೆಣೀಬೇಕು. ಅಲ್ಲೀವರೆಗೂ ಆ ಮಾತ್ರೆ ಬಿಟ್ಟುಬಿಡು, ಹಳೇ ಹುರುಪು ಬರ್ಲಿ. ಆಮೇಲೆ ಬೇಕಾದ್ರೆ ತಗೊಳ್ಳುವಂತೆ." ಮಾತ್ರೆ ಬಿಡುವುದಿಲ್ಲ, ಅಮ್ಮ. ಒಂದು ತಿಂಗಳೂ ಇಲ್ಲ, ಒಂದು ದಿನವೂ ಇಲ್ಲ. ನೀನು ಅತ್ತರೂ ಇಲ್ಲ, ಅಕ್ಕ ಮಾತು ಬಿಟ್ಟರೂ ಇಲ್ಲ.

ಹಳೇ ಮನೆಯ ಸಾಮಾನಿನ ಕೋಣೆ ನೆನಪಿದೆಯಾ? ಬೇರೆಯವರ ಮನೆಯಲ್ಲಿ ಏನಾದರೂ ಮುರಿದರೆ ರಿಪೇರಿಗೆ ಕೊಡುತ್ತಾರೆ. ನೀವು ನನ್ನ "ಸೀಸನ್" ಬರಲಿ ಎಂದು ಕೂಡಿಡುತ್ತಿದ್ದಿರಿ. ಕಾಲು ಮುರಿದ ಮೇಜು, ಹರಿದ ಪರದೆ, ನಿಂತುಹೋದ ಫ್ಯಾನು, ಕೊನೆಗೆ ಚಿಕ್ಕಪ್ಪನ ಮನೆಯ ತೊಟ್ಟಿಲು ಕೂಡ. ನಾನು ಪಾತ್ರೆ ತೊಳೆಯುತ್ತ ಹಾಡತೊಡಗಿದರೆ, ನನ್ನ ಮಾತಿನ ಮೇಲೆ ಮಾತು ಬಿದ್ದರೆ, ಅರ್ಧಂಬರ್ಧ ಮಲಗಿ ಎದ್ದು ಇಷ್ಟೇ ನಿದ್ದೆ ಸಾಕು ಎಂದರೆ, ಎಲ್ಲರಿಗಿಂತ ಮೊದಲು ನಿನಗೆ ಗೊತ್ತಾಗುತ್ತಿತ್ತು. "ಬಂತು ನೋಡಿ ನಮ್ಮ ಎಕ್ಸ್‌ಪ್ರೆಸ್ಸು!" ಎಂದು ಅಪ್ಪನನ್ನು ಕೂಗಿ ನೀನು ಕೋಣೆಯ ಬಾಗಿಲು ತೆಗೆಯುತ್ತಿದ್ದೆ. ನಾನು ಎಲ್ಲವನ್ನೂ ಬಾಚಿಕೊಂಡು ಕೂರುತ್ತಿದ್ದೆ, ನೀವೆಲ್ಲ ಹೊಗಳಿ ಅಟ್ಟಕ್ಕೇರಿಸುತ್ತಿದ್ದಿರಿ. ಆ ಅಟ್ಟದಿಂದ ಬಿದ್ದ ಮೇಲೆ, ವಾರಗಟ್ಟಲೆ ತಲೆ ಬಾಚದೆ ಗೋಡೆಗೆ ಮುಖ ಮಾಡಿ ಮಲಗಿದರೆ, ಅದಕ್ಕೆ ನಮ್ಮ ಮನೆಯಲ್ಲಿ ಸೋಮಾರಿತನ ಎಂದು ಹೆಸರು. ನಾನಿಲ್ಲದಿದ್ದರೆ ಎಲ್ಲರಿಗೂ ಸಲೀಸು ಎಂದು ಯೋಚಿಸುತ್ತಿದ್ದ ದಿನಗಳವು. ಆಗ ನಿನಗೆ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಓದುವುದನ್ನು ನಿಲ್ಲಿಸಬೇಡ.

ಡಾಕ್ಟರಮ್ಮ ಇದಕ್ಕೆ ಬೈಪೋಲಾರ್ ಎಂದರು, ಮನಸ್ಸು ಏರಿ ಇಳಿಯುವ ಕಾಯಿಲೆ; ಅದರಲ್ಲಿ ಎರಡನೆಯ ಬಗೆಯದು. ಎರಡನೆಯದು ಎಂದರೆ ಅರ್ಧ ಕಾಯಿಲೆ ಎಂದುಕೊಳ್ಳಬೇಡ. ಇದರ ಏರು ಜನ ಹೆದರುವಷ್ಟು ಎತ್ತರಕ್ಕೆ ಹೋಗುವುದಿಲ್ಲ, ಹಾಗಾಗಿ ಚಪ್ಪಾಳೆ ತಟ್ಟುತ್ತಾರೆ. ಇಳಿವಿನಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ನನ್ನ ಪ್ರತಿಭೆ ಎಂದು ನೀವು ಕೊಂಡಾಡಿದ್ದರಲ್ಲಿ ಕಾಯಿಲೆಯ ಪಾಲೂ ಇತ್ತು ಎಂದು ಕೇಳಿ ನನಗೆ ಕೆಟ್ಟ ಸಿಟ್ಟು ಬಂತು. "ಹಾಗಾದ್ರೆ ನಾನು ಅಂತ ಏನು ಉಳೀತು?" ಎಂದು ಅವರ ಜೊತೆ ಜಗಳಕ್ಕೇ ನಿಂತೆ. ಆ ಹುರುಪು ಈಗಲೂ ನೆನಪಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ಎಕ್ಸ್‌ಪ್ರೆಸ್ಸು ಹೆಣೆದ ಕುರ್ಚಿಗಳು ಒಂದೊಂದಾಗಿ ಅಂಗಡಿಗೆ ವಾಪಸು ಬಂದಿವೆ, ನಡುವೆ ಸೀಟು ಕುಸಿದು. ಬೆತ್ತ ನೆನೆಯುವ ತನಕ ಕಾಯುವ ತಾಳ್ಮೆ ಆಗ ಎಲ್ಲಿತ್ತು? ಒಣಬೆತ್ತವನ್ನೇ ಎಳೆದು ಬಿಗಿದಿದ್ದೆ. ಒಂದೆರಡು ಮಾತ್ರ ಎಷ್ಟು ಚೆಂದ ಬಂದಿದ್ದವು ಎಂದರೆ ಬಿಚ್ಚಲು ಮನಸ್ಸಾಗದೆ ಇಟ್ಟುಕೊಂಡಿದ್ದೇನೆ. ಈಗ ಬೆತ್ತ ನೆನೆಹಾಕಿ, ಊಟ ಮುಗಿಸಿ ಬಂದು ಕೂರುತ್ತೇನೆ. ಕತ್ತಲಾದ ಮೇಲೆ ಯಾರು ಬೇಡಿಕೊಂಡರೂ ಕೆಲಸ ಮುಟ್ಟುವುದಿಲ್ಲ; ನಿದ್ದೆ ಕೆಟ್ಟರೆ ನಾನು ಕೆಟ್ಟಂತೆ. ಮಾತ್ರೆಯಿಂದ ಬಾಯಿ ಒಣಗುತ್ತದೆ, ಕೈ ಸ್ವಲ್ಪ ನಡುಗುತ್ತದೆ, ಹಾಕಿದ ಗಂಟನ್ನೇ ಮತ್ತೆ ಹಾಕುತ್ತೇನೆ. ಇಳಿವು ಈಗಲೂ ಬರುತ್ತದೆ. ಅಂಥ ದಿನ ಬಾಗಿಲಿಗೆ "ಹುಷಾರಿಲ್ಲ" ಎಂದು ಬೋರ್ಡು ಹಾಕುತ್ತೇನೆ. ಪಕ್ಕದ ಚಪ್ಪಲಿ ಅಂಗಡಿಯವನು ಜ್ವರಾನಾ ಎಂದು ಕೇಳಿದ. ಅಲ್ಲ, ಇಂಥದ್ದು ಎಂದು ಹೇಳಿದೆ. "ಓ, ಸರಿ. ಹಾಗಾದ್ರೆ ನನ್ನ ಸ್ಟೂಲು ಮುಂದಿನ ವಾರ ಕೊಡಿ" ಎಂದ. ಆಕಾಶವೇನೂ ಕಳಚಿ ಬೀಳಲಿಲ್ಲ.

ಅಕ್ಕನಿಗೆ ಹೇಳು. ಹೋಟೆಲು ತೆರೆಯುವ ದಿನಕ್ಕೆ ಕಿಟಕಿ ಪಕ್ಕದ ಮೇಜುಗಳಿಗೆ ಆಗುವಷ್ಟು ಕುರ್ಚಿ ಕಳಿಸುತ್ತೇನೆ. ಉಳಿದ ಗಿರಾಕಿಗಳು ಸದ್ಯಕ್ಕೆ ಬೆಂಚಿನ ಮೇಲೆ ಕೂರಲಿ. ನನ್ನ ಕುರ್ಚಿಯಲ್ಲಿ ಕೂತವರು ಮಾತ್ರ ಬೀಳುವುದಿಲ್ಲ. ಅದಕ್ಕೂ ಅವಳು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ನನಗೇನು.

ಮಂಡಿಗೆ ಎಣ್ಣೆ ಹಚ್ಚುವುದನ್ನು ತಪ್ಪಿಸಬೇಡ. ಅಕ್ಕನ ಮಗಳಿಗೆ ಒಂದು ಮುತ್ತು, ಅಕ್ಕನಿಗೆ ಅರ್ಧ. ಉಳಿದರ್ಧ ಕುರ್ಚಿಗಳ ಜೊತೆ ಬರುತ್ತದೆ.

ಒಂದು ಕಾಲದ ಎಕ್ಸ್‌ಪ್ರೆಸ್ಸು, ಈಗ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ
ನಿನ್ನ ಕಿರಿಮಗಳು

ತಾ.ಕ.: ಏರು ಶುರುವಾದರೆ ಮೊದಲು ಯಾರಿಗೆ ಗೊತ್ತಾಗುತ್ತದೆ ಎಂದು ಡಾಕ್ಟರಮ್ಮ ಕೇಳಿದರು. ನನಗಂತೂ ಗೊತ್ತಾಗುವುದಿಲ್ಲ, ಅಮ್ಮ. ಆಗ ನನಗೆ ಎಲ್ಲವೂ ಚೆಂದವೇ. ನಮ್ಮ ಅಮ್ಮನಿಗೆ ಎಂದು ಹೇಳಿ ನಿನ್ನ ನಂಬರು ಕೊಟ್ಟಿದ್ದೇನೆ, ಅವರ ನಂಬರು ಈ ಕಾಗದದ ಹಿಂದೆ ಇದೆ. ಫೋನಿನಲ್ಲಿ ನನ್ನ ಮಾತಿನ ಮೇಲೆ ಮಾತು ಬಿದ್ದರೆ, ನಾನು ಹಾಡಿದರೆ, ಅಷ್ಟೂ ಕುರ್ಚಿ ನಾನೇ ಹೆಣೆದುಬಿಡುತ್ತೇನೆ ಎಂದರೆ, ಈ ಸಲ ಮುರಿದ ಸಾಮಾನು ಹೊರಗೆ ತೆಗೆಯಬೇಡ. ಅವರಿಗೆ ಫೋನ್ ಮಾಡು. ನಾನು ನಿನ್ನನ್ನು ಬಾಯಿಗೆ ಬಂದಂತೆ ಬಯ್ಯುತ್ತೇನೆ. ಆದರೂ ಮಾಡು.