ಎಲ್ಲರ ಮೈಮೇಲಿನ ಬರೆ

ಹೊಳಲ್ಕೆರೆ
೯-೩-೧೯೭೪

ತಂಗಿ ವೀರಮ್ಮನಿಗೆ,

ಅಕ್ಕ ಶಿವಗಂಗಮ್ಮನ ಆಶೀರ್ವಾದ. ನಿನ್ನ ಎರಡು ಕಾಗದವೂ ಮುಟ್ಟಿದವು. ಹಿರಿಯೂರಿನಲ್ಲಿ ಕೂತು ನನ್ನ ಮೇಲೆ ಮುನಿಸಿಕೊಂಡಿರುತ್ತೀಯ, ಗೊತ್ತು. ಬರೆಯಲು ಕೂತಾಗಲೆಲ್ಲ 'ನಾವೆಲ್ಲ ಕ್ಷೇಮ' ಎನ್ನುವಲ್ಲಿಗೇ ಕೈ ನಿಂತುಬಿಡುತ್ತಿತ್ತು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಕೂಸಿಗೆ ಹಲ್ಲು ಬಂದದ್ದು ಓದಿ ಸಂತೋಷವಾಯಿತು.

ಮಂಗಳನ ವಿಷಯ ಕೇಳಿದ್ದೀಯ. ಹೇಳಿಬಿಡುತ್ತೇನೆ. ನಾನು ಪಾಠ ಮಾಡಲು ಶಾಲೆಗೆ ಹೋಗುವಾಗ ಅವಳನ್ನು ಮಹಿಳಾ ಸಮಾಜದವರ ಶಿಶುವಿಹಾರದಲ್ಲಿ ಬಿಡುತ್ತಿದ್ದೆನಲ್ಲ, ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹಾಲಮ್ಮ ಸೌಟಿನ ಹಿಡಿ ಕಾಯಿಸಿ ಮಗಳ ತೊಡೆಗೆ ಬರೆ ಹಾಕಿದ್ದಾಳೆ. ಮಧ್ಯಾಹ್ನ ಮಲಗಿದಾಗ ಚಾಪೆ ಒದ್ದೆ ಮಾಡುತ್ತಾಳೆ ಎಂದು. ನಾಲ್ಕು ವರ್ಷದ ಕೂಸು ಕಣೇ. ಸಂಜೆ ಸ್ನಾನ ಮಾಡಿಸಲು ಲಂಗ ಬಿಚ್ಚಿದರೆ ಬೆರಳುದ್ದದ ಬೊಬ್ಬೆ.

ಮರುದಿನವೇ ಹೋಗಿ ಕೇಳಿದೆ. ಹಾಲಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. "ಬಾಯಾಗೆ ಹೇಳಿ ಹೇಳಿ ಸಾಕಾತು ಟೀಚರಮ್ಮ. ದಿನಾ ಚಾಪೆ ತೊಳಿಯಾಕೆ ನಂಗೇನು ಎಂಟು ಕೈ ಅವೆಯಾ? ನಮ್ಮವ್ವನೂ ನಂಗೆ ಹಾಕಿದ್ಲು, ನಾನೇನು ಸತ್ತೋದ್ನಾ?" ಎಂದಳು. ಅವತ್ತಿನಿಂದ ಮಗಳನ್ನು ನನ್ನ ಜೊತೆಗೇ ಶಾಲೆಗೆ ಕರೆದೊಯ್ಯುತ್ತಿದ್ದೇನೆ.

ಠಾಣೆಗೂ ಹೋದೆ. ದಫೇದಾರ ನಕ್ಕ. "ಬರೆ ಹಾಕಿದ್ದಕ್ಕೆಲ್ಲ ಕೇಸ್ ಬರ್ಕೊಂಡ್ರೆ ಊರಾಗೆ ಒಬ್ಬ ಅಜ್ಜಿನೂ ಮನೇಲಿ ಉಳಿಯಲ್ಲ ಕಣಮ್ಮ. ಸಮಾಜದೋರ ಹತ್ರನೇ ಬಗೆಹರಿಸ್ಕಳ್ರಿ" ಎಂದ.

ಅಲೆದಲೆದು ಕೊನೆಗೆ ಸಮಾಜದವರು ಸಭೆ ಕರೆದರು. ಹೆಸರಿಗೆ ಹೆಂಗಸರ ಸಭೆ, ಮಾತಾಡಿದವರೆಲ್ಲ ಅವರ ಗಂಡಂದಿರು. ಹಾಲಮ್ಮ ಎಲ್ಲರೆದುರು ತಪ್ಪೊಪ್ಪಿಕೊಳ್ಳಲಿ, ಇನ್ನು ಅವಳನ್ನು ಮಕ್ಕಳ ಹತ್ತಿರ ಬಿಡಬೇಡಿ, ನಾನು ಕೇಳಿದ್ದು ಇಷ್ಟೇ. ಅಡಿಕೆ ಮಂಡಿಯ ಏಕಾಂತಪ್ಪನವರು "ಬರ್ರಿ, ಕುಂತ್ಕಳ್ರಿ" ಎಂದು ಮರ್ಯಾದೆಯಿಂದಲೇ ಕೂರಿಸಿದರು. ಆಮೇಲೆ ಅಂಗಿ ಎತ್ತಿ ಹೊಟ್ಟೆ ತೋರಿಸಿದರು. ಹೊಕ್ಕುಳ ಪಕ್ಕ ಹಳೇ ಬರೆ. "ನೋಡ್ರಿ, ಕಾಮಾಲೆಗೆ ಹಾಕಿದ್ದು. ಬದುಕಿಲ್ವಾ ನಾನು?" ಎಂದರು. ಅಷ್ಟೇ ಸಾಕಾಯಿತು. ಪಕ್ಕದಲ್ಲಿದ್ದವರು ತೋಳು ತೋರಿಸಿದರು, ಇನ್ನೊಬ್ಬರು ಪಂಚೆ ಸರಿಸಿ ಕಾಲು ತೋರಿಸಿದರು, ಹೆಂಗಸರೂ ಸೆರಗು ಸರಿಸಿ ತಮ್ಮ ತಮ್ಮ ಬರೆ ಹುಡುಕತೊಡಗಿದರು. ಒಬ್ಬೊಬ್ಬರದೂ ಒಂದೊಂದು ಕಥೆ, ನಗು. ಹಾಕಿಸಿಕೊಂಡಾಗ ಅವರೂ ಅತ್ತಿರಬೇಕಲ್ಲವೇ, ವೀರಿ? ಅದನ್ನು ಮಾತ್ರ ಒಬ್ಬರೂ ಹೇಳಲಿಲ್ಲ.

"ಅದು ರೋಗಕ್ಕೆ ಅಂತ ಹೆತ್ತೋರು ಹಾಕ್ಸಿದ್ದು. ಇದು ಸಿಟ್ಟಿಗೆ ಹಾಕಿದ್ದು" ಎಂದೆ. "ನೀವೂ ಶಾಲೇಲಿ ಕೋಲು ಹಿಡಿಯೋರೇ ಅಲ್ವಾ?" ಎಂದಿತು ಹಿಂದಿನಿಂದ ಒಂದು ದನಿ. "ಹಿಡಿತೀನಿ, ಕಾಯ್ಸಿ ಹಿಡಿಯಲ್ಲ" ಎಂದೆ. ಆ ಮಾತಿಗೆ ನಾನೇ ಬಾಯಿಬಡುಕಿಯಾದೆ. ಕೊನೆಗೆ ಹಾಲಮ್ಮನನ್ನು ಕರೆಸಿ, ನನ್ನ ಜೊತೆ ಬಂದಿದ್ದ ಮಂಗಳನ ಹಣೆಗೆ ಅವಳ ಕೈಯಿಂದ ವಿಭೂತಿ ಹಚ್ಚಿಸಿ, ರಾಜಿಯಾಯಿತು ಎಂದು ಬೆಲ್ಲ ಹಂಚಿದರು. ಆ ಕೈ ಹತ್ತಿರ ಬಂದಾಗ ಮಗು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿತ್ತು.

ನಿನ್ನ ಭಾವ ಚಿಕ್ಕಜಾಜೂರಿನಿಂದ ಡ್ಯೂಟಿ ಮುಗಿಸಿ ಬಂದವರು, "ಇದೇ ಊರಾಗೆ ಬಾಳ್ಬೇಕು, ಬಿಟ್ಬಿಡೇ" ಎಂದರು. ಕೆಟ್ಟವರಲ್ಲ, ದಣಿದಿದ್ದಾರೆ. ನಾನೂ ದಣಿದಿದ್ದೇನೆ. ಹೇಳಿದ್ದನ್ನೇ ಹೇಳಿ ನಾಲಿಗೆ ಸೋತಿದೆ. ಆದರೂ ಸೋಮವಾರ ರಜೆ ಹಾಕಿ ಚಿತ್ರದುರ್ಗಕ್ಕೆ ಹೋಗುತ್ತೇನೆ. ಈ ಶಿಶುವಿಹಾರಕ್ಕೆ ಅನುದಾನ ಕೊಡುವ ಕಚೇರಿ ಅಲ್ಲಿದೆಯಂತೆ. ಅಲ್ಲಿನ ಸಾಹೇಬರೂ ಅಂಗಿ ಎತ್ತಿದರೆ ಏನು ಮಾಡಲಿ, ನೀನೇ ಹೇಳು.

ಬಿಸಿಲು ಜೋರಾಗಿದೆ, ಕೂಸನ್ನು ಹೊರಗೆ ಕರೆದುಕೊಂಡು ತಿರುಗಬೇಡ. ಶಿವ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ಶಿವಗಂಗಮ್ಮ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಮಂಗಳ ಈಗ ಮನೆಯಲ್ಲಿ ಮಲಗಿದರೂ ಚಾಪೆ ಒದ್ದೆ ಮಾಡುವುದಿಲ್ಲ. ಅದು ಊರಿಗೆಲ್ಲ ಗೊತ್ತಾಗಿ, "ಹಾಲಮ್ಮನ ಕೈಗುಣ ನೋಡ್ರಿ" ಎನ್ನುತ್ತಿದ್ದಾರೆ. ನಮ್ಮ ಬೀದಿಯ ಇಬ್ಬರು ತಾಯಂದಿರು ತಮ್ಮ ಮಕ್ಕಳಿಗೂ ಹಾಕು ಎಂದು ಅವಳನ್ನು ಕೇಳಿಕೊಂಡಿದ್ದಾರಂತೆ. ಮಗು ನೀರು ಕುಡಿಯುವುದನ್ನೇ ಬಿಟ್ಟಿದೆ, ವೀರಿ. ತುಟಿ ಒಡೆದು ರಕ್ತ ಬರುತ್ತದೆ. ನಿನ್ನೆ ಲೋಟ ಬಾಯಿಗೆ ಹಿಡಿದರೆ ನನ್ನ ಕೈ ತಳ್ಳಿ, "ಬ್ಯಾಡವ್ವ, ನಾನು ಜಾಣೆ" ಎಂದಳು.