ಗುಂಡಿಯ ಮೂವತ್ತೆರಡು

ಮಾರ್ಚ್ 3, ಸೋಮವಾರ

ಇವತ್ತೂ ಫ್ಯಾಕ್ಟರಿಯಲ್ಲಿ ನಮ್ಮ ಕಾಲರ್ ಹೊಲಿಯುವ ಸಾಲಿನ ಕೆಲಸ ತಡ. ಊಟದ ಬಿಡುವಿನಲ್ಲೇ ಆಸ್ಪತ್ರೆಗೆ ಓಡಿದೆವು, ನಾನು ಮತ್ತು ಗುಂಡಿ. ಪಕ್ಕದ ಮಷೀನಿನಲ್ಲಿ ಶರ್ಟಿಗೆ ಗುಂಡಿ ಹಾಕುತ್ತಾಳೆ, ಹಾಗಾಗಿ ಇಡೀ ಫ್ಯಾಕ್ಟರಿಗೆ ಅವಳು ಗುಂಡಿ. ನನಗೆ ಐದು ತಿಂಗಳು, ಅವಳಿಗೆ ಆರು. ಇಬ್ಬರಿಗೂ ಹೊಗೆಸೊಪ್ಪಿನ ಪುಡಿಯ ಚಟ. ಅವಳಿಗೆ ಅಂಟಿಸಿದ್ದು ನಾನೇ — ನಿದ್ದೆ ತಡೆಯಲು ಒಂದು ಚಿಟಿಕೆ ಹಾಕಿಕೋ ಅಂತ.

ಸಿಸ್ಟರ್ ಹೊಸದೊಂದು ಮೂತ್ರ ಪರೀಕ್ಷೆ ಶುರು ಮಾಡಿದ್ದಾರೆ. ಹೊಗೆಸೊಪ್ಪು ಮೈಯೊಳಗೆ ಎಷ್ಟು ಗುರುತು ಬಿಟ್ಟಿದೆ ಎಂದು ಯಂತ್ರ ಅರ್ಧ ಗಂಟೆಯಲ್ಲಿ ಸಂಖ್ಯೆ ಹೇಳುತ್ತದೆ. ನನ್ನದು 1,240. ಗುಂಡಿಯದು 980. ಇಬ್ಬರ ಕಾರ್ಡಿನಲ್ಲೂ ಕೆಂಪು ಚುಕ್ಕೆ ಇಟ್ಟರು. "ಇದು ನಿಮ್ಮೊಬ್ಬರ ಲೆಕ್ಕ ಅಲ್ಲ. ಒಳಗಿರೋ ಮಗುಗೂ ಇದರಲ್ಲಿ ಪಾಲಿದೆ," ಎಂದರು. ಬಯ್ಯಲಿಲ್ಲ. ಬಯ್ದಿದ್ದರೆ ಸಿಟ್ಟು ಮಾಡಿಕೊಂಡು ಪಾರಾಗುತ್ತಿದ್ದೆ.

ಎರಡು ವಾರ ಪುಡಿ ಮುಟ್ಟದಿದ್ದರೆ ಸಂಖ್ಯೆ ಇಳಿದು ಚುಕ್ಕೆ ಹೋಗುತ್ತದಂತೆ. ಗುಂಡಿ ಹೊಟ್ಟೆ ಮುಟ್ಟಿ ಆಣೆ ಮಾಡಿದಳು. ನಾನೂ.

ಮಾರ್ಚ್ 6

ಮೂರು ದಿನ ತಡೆದೆ. ಹೊಲಿಗೆ ಓರೆಯಾಗಿ ಎರಡು ಕಾಲರ್ ಹಾಳು. ಸೂಪರ್‌ವೈಸರ್ ಎಲ್ಲರೆದುರು ಎತ್ತಿ ಹಿಡಿದು ತೋರಿಸಿದ. ಟಾಯ್ಲೆಟ್ಟಿಗೆ ಹೋಗಿ ಒಂದು ಚಿಟಿಕೆ. ಒಂದೇ... ಸಂಜೆಯೊಳಗೆ ನಾಲ್ಕು.

ಮನೆಯಲ್ಲಿ ಇವರಿಗೆ ಗೊತ್ತಿಲ್ಲ. ಬಾಯಲ್ಲಿರುವುದು ಲವಂಗ ಎಂದು ನಂಬಿಸಿಕೊಂಡೇ ಒಂಬತ್ತು ವರ್ಷ ಸಂಸಾರ ಮಾಡಿದ್ದೇನೆ.

ಗುಂಡಿ ನೂಲು ಕಚ್ಚುತ್ತಾಳೆ, ಮೂಗು ಒರೆಸಿಕೊಳ್ಳುತ್ತಾಳೆ, ಕಾರಣವಿಲ್ಲದೆ ಅಳುತ್ತಾಳೆ. ಬಿಟ್ಟಿದ್ದಾಳೆ.

ಮಾರ್ಚ್ 17

ಬರೆಯಬೇಕೋ ಬೇಡವೋ...

ಆಸ್ಪತ್ರೆಯಲ್ಲಿ ಎರಡನೇ ಪರೀಕ್ಷೆ. ಗುಂಡಿಗೆ ತಲೆ ಸುತ್ತಿತು. ತನ್ನ ಮೂತ್ರದ ಡಬ್ಬಿಯನ್ನೂ ನನ್ನ ಕೈಗೆ ಕೊಟ್ಟು ಹೊರಗೆ ಬೆಂಚಿನ ಮೇಲೆ ಕುಳಿತಳು. ಟಾಯ್ಲೆಟ್ಟಿನಲ್ಲಿ ನಾನೊಬ್ಬಳೇ. ಹೆಸರಿನ ಚೀಟಿಗಳ ಅಂಟು ಇನ್ನೂ ಹಸಿ. ಕಿತ್ತೆ. ಅವಳ ಡಬ್ಬಿಗೆ ನನ್ನ ಹೆಸರು, ನನ್ನದಕ್ಕೆ ಅವಳ ಹೆಸರು. ಅಂಚು ಏಳದ ಹಾಗೆ ಉಗುರಿನಿಂದ ಒತ್ತಿದೆ. ಅಷ್ಟು ಅಚ್ಚುಕಟ್ಟು.

ನಾನು 32. ಗುಂಡಿ 1,310.

ಈ ಸಲ ಅವಳ ಅತ್ತೆಯೂ ಬಂದಿದ್ದರು. ಸಿಸ್ಟರ್ ಮೆಲ್ಲಗೇ ಹೇಳಿದರು, ಆದರೂ ಅತ್ತೆಗೆ ಕೇಳಿಸಿತು. ಗುಂಡಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಾನು ತಿಂದೇ ಇಲ್ಲ ಸಿಸ್ಟರ್. ಮೈಯೊಳಗೆ ಹೇಗೆ ಬಂತು?"

ನಾನು ನನ್ನ ಚಪ್ಪಲಿ ನೋಡುತ್ತಾ ನಿಂತಿದ್ದೆ.

ಮಾರ್ಚ್ 19

ಅತ್ತೆ ದಿನಾ ಅವಳ ಚೀಲ ತಡಕಿ ಕಳಿಸುತ್ತಾರಂತೆ. ಗಂಡ ಮಾತು ಬಿಟ್ಟಿದ್ದಾನಂತೆ.

"ನಿಮಗಾದ್ರೂ ನನ್ನ ಮೇಲೆ ನಂಬಿಕೆ ಇದೆಯಾ ಅಕ್ಕ?" ನನ್ನ ತುಟಿಯಡಿ ಪುಡಿ ಇತ್ತು. ಬಾಯಿ ತೆರೆಯದೆ ಹೂಂಗುಟ್ಟಿದೆ. ನಂಬೋದು ನೀವೊಬ್ಬರೇ ಎನ್ನುತ್ತಾ ನನ್ನ ತೋಳಿಗೆ ತಲೆಯಾನಿಸಿದಳು.

ಮಾರ್ಚ್ 24

ಸಿಸ್ಟರ್ ಹೊಸ ಬಸುರಿಯರ ಮುಂದೆ ನನ್ನನ್ನು ನಿಲ್ಲಿಸಿ ಕಾರ್ಡ್ ತೋರಿಸಿದರು. ಎರಡು ಮಾತಾಡಿ ಎಂದರು. ಆಡಿದೆ. ಮನಸ್ಸು ಮಾಡಿದರೆ ಯಾವುದೂ ಕಷ್ಟವಲ್ಲ ಅಂದೆ. ಚಪ್ಪಾಳೆ ಬಿತ್ತು. ಒಬ್ಬ ಹುಡುಗಿ ಹಿಂದೆಯೇ ಬಂದು, ನಿಮಗೆ ಹೇಗೆ ಸಾಧ್ಯವಾಯಿತು ಎಂದು ಕೇಳಿದಳು. ಹದಿನೆಂಟೋ ಹತ್ತೊಂಬತ್ತೋ. ಏನೋ ಹೇಳಿ ತಪ್ಪಿಸಿಕೊಂಡೆ. ಭೂಮಿ ಬಾಯಿ ಬಿಡಬಾರದೇ.

ಮಾರ್ಚ್ 28

ಗುಂಡಿಯ ಕೆನ್ನೆ ಉಬ್ಬಿದೆ. ಇಸ್ತ್ರಿಯವನ ಹತ್ತಿರ ಪುಡಿ ಇಸಿದುಕೊಂಡಳಂತೆ. ಕೇಳಿದ್ದಕ್ಕೆ, ಬಿಟ್ಟರೂ ಬೈಗುಳ, ತಿಂದರೂ ಬೈಗುಳ, ಮತ್ಯಾಕೆ ಒದ್ದಾಡಲಿ ಎಂದಳು. ಮಷೀನು ನಿಲ್ಲಿಸದೆ.

ಮೂರು ವಾರ ಅತ್ತು ಅತ್ತು ಪುಡಿ ಬಿಟ್ಟಿದ್ದಳು. ಅವಳ ಬಾಯಿಗೆ ಎರಡನೇ ಸಲವೂ ನಾನೇ ಹಾಕಿದೆ.

ಮಾರ್ಚ್ 31

ಅರ್ಧ ದಿನ ರಜೆ ಹಾಕಿ ಸಿಸ್ಟರ್ ಹತ್ತಿರ ಹೋದೆ. ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇವತ್ತಿನ ನನ್ನ ಸಂಖ್ಯೆ 1,400. ಬರೆದುಕೊಂಡರು. ನಾಳೆಯಿಂದ ಮತ್ತೆ ಶುರು ಮಾಡೋಣ ಎಂದರು. ಗುಂಡಿಯ ಕಾರ್ಡ್ ತಿದ್ದಿದರು. ಅವಳಿಗೆ ತಾವೇ ಹೇಳಲೇ ಎಂದು ಕೇಳಿದರು. ಬೇಡ ಅಂದೆ.

ಸಂಜೆ ಫ್ಯಾಕ್ಟರಿ ಗೇಟಿನ ಹತ್ತಿರ ಒಂದೇ ಉಸಿರಿಗೆ ಹೇಳಿಬಿಟ್ಟೆ. ಗುಂಡಿಗೆ ಮೊದಲು ಅರ್ಥವಾಗಲಿಲ್ಲ.

"ಹಾಗಾದ್ರೆ ಆ ಮೂವತ್ತೆರಡು ನಂದಾ?"

ಹೌದು ಅಂದೆ. ಮುಖ ಅರಳಿತು. ನಿಜವಾಗಿ ಅರಳಿತು, ಪರೀಕ್ಷೆ ಪಾಸಾದ ಮಗುವಿನ ಹಾಗೆ. ಆಮೇಲೆ ಉಳಿದದ್ದೆಲ್ಲ ತಲೆಗೆ ಹೋಯಿತು. ಬಾಯಲ್ಲಿದ್ದುದನ್ನು ಮೋರಿಗೆ ಉಗಿದಳು.

"ನಮ್ಮತ್ತೆ ಮುಂದೆ ಬಂದು ಹೇಳಿ." ಅಕ್ಕ ಎನ್ನಲಿಲ್ಲ.

ಏಪ್ರಿಲ್ 6, ಭಾನುವಾರ

ಆರು ದಿನದಿಂದ ಮುಟ್ಟಿಲ್ಲ. ತಲೆ ಸಿಡಿಯುತ್ತದೆ. ಕಾಲೆಳೆದುಕೊಂಡು ಹೋಗಿ ಇವತ್ತು ಗುಂಡಿಯ ಮನೆ ಸೇರಿದೆ. ಅಡುಗೆಮನೆ ಬಾಗಿಲಲ್ಲಿ ನಿಂತೇ ಹೇಳಿದೆ. ಅತ್ತೆ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, "ನಿನ್ನ ಹೊಟ್ಟೇಲೂ ಒಂದಿದೆ ಅಂತ ಸುಮ್ಮನಿದ್ದೀನಿ. ಹೋಗು," ಎಂದರು. ಕೈ ಒರೆಸಿಕೊಂಡು ಸೊಸೆಗೆ ಒಂದು ಲೋಟ ಹಾಲು ಬಿಸಿ ಮಾಡಿದರು. ಗುಂಡಿ ಕುಡಿದಳು. ನನ್ನ ಕಡೆ ತಿರುಗಲಿಲ್ಲ.

ನಾಳೆಯಿಂದ ಅವಳ ಮಷೀನು ಆಚೆ ಸಾಲಿಗೆ. ಅವಳೇ ಕೇಳಿಕೊಂಡಳಂತೆ.

ಇನ್ನು ಹೇಳಲು ಉಳಿದಿರುವುದು ಇವರಿಗೆ. ಮನೆಯ ಮೆಟ್ಟಿಲ ಮೇಲೆ ಇವರ ಹೆಜ್ಜೆ ಸದ್ದು. ಇವತ್ತು ಈ ಪುಸ್ತಕ ಸೀರೆಯಡಿ ಬಚ್ಚಿಡುವುದಿಲ್ಲ. ಏನು ಬರೆಯುತ್ತಿದ್ದೀಯ ಎಂದು ಕೇಳಿದರೆ ಕೈಗೇ ಕೊಟ್ಟು, ಮೊದಲಿನಿಂದ ಓದಿ ಅಂತ...

ಕೇಳದೆ ಹೋದರೆ —