ಆ ಟೇಪು ಸುತ್ತಿದವಳು ನಾನೇ

ಕ್ಲೀವ್‌ಲ್ಯಾಂಡ್
ನವೆಂಬರ್, ಮೊದಲ ಭಾನುವಾರ

ಮಾನ್ಯ ಡೆನಿಸ್ ಹ್ರಬಾಕ್ ಅವರಿಗೆ,

ವರ್ಷಕ್ಕೆ ಇನ್ನೂರು ಮುನ್ನೂರು ಮನೆ ತಪಾಸಣೆ ಮಾಡುವವರು ನೀವು. ನಮ್ಮ ಮನೆ ನೆನಪಿದೆಯೋ ಇಲ್ಲವೋ. ಈ ವರ್ಷ ಫೆಬ್ರವರಿಯಲ್ಲಿ, ಕೊಳ್ಳಲು ಬಂದ ಶ್ರೀಮತಿ ಕ್ಯಾರಿಯನ್ ಪರವಾಗಿ ನೋಡಲು ಬಂದಿರಲ್ಲ, ಎರಡು ಸಂಸಾರಗಳ ಆ ಹಸಿರು ಮನೆ. ಕೆಳಗೆ ನಾನು, ಅರ್ನೆಸ್ಟೀನ್ ಗೂಲ್ಸ್‌ಬಿ. ಮೇಲೆ ಬ್ರಿಯೆಲ್ ಎಂಬ ಹುಡುಗಿ, ಆಗ ಐದು ತಿಂಗಳಾಗಿದ್ದ ಅವಳ ಗಂಡುಮಗು ಜೋಸಾಯಾ.

ಬಾಗಿಲಲ್ಲೇ ಬೂಟು ಕಳಚಿಟ್ಟು ಕಾಲುಚೀಲದಲ್ಲಿ ಒಳಗೆ ಬಂದಿರಿ. ನಾನಿಲ್ಲಿರುವ ಹತ್ತೊಂಬತ್ತು ವರ್ಷದಲ್ಲಿ ನನ್ನ ನೆಲಕ್ಕೆ ಅಷ್ಟು ಮರ್ಯಾದೆ ಕೊಟ್ಟ ಗಂಡಸು ಇನ್ನೊಬ್ಬನಿಲ್ಲ. ಅದಕ್ಕೇ ನಿಮ್ಮ ಮೇಲೆ ಸಿಟ್ಟು ಬಂತು. ಒರಟರಾಗಿದ್ದಿದ್ದರೆ ನಿಮಗೆ ಮೋಸ ಮಾಡುವುದು ಸುಲಭವಿತ್ತು.

ಹೌದು, ಮೋಸವೇ. ಅವತ್ತು ಜೋಳದ ಹಿಟ್ಟಿನ ಕಾರ್ನ್‌ಬ್ರೆಡ್ ಬೇಯಿಸಿಟ್ಟದ್ದು ಮನೆಯ ಮುಗ್ಗಲು ವಾಸನೆ ಮುಚ್ಚಲಿಕ್ಕೆ. ಬಚ್ಚಲಿನ ಚಾವಣಿಯಲ್ಲಿ ನೀರು ಇಳಿದ ಕಲೆಗೆ ಹಿಂದಿನ ದಿನವಷ್ಟೇ ಬಣ್ಣ ಬಳಿದಿದ್ದೆ. ಹಳೆಯ ಮಾಲೀಕ ಫೆರಾಂಟೆಯ ಹತ್ತಿರ ಒಂದು ನಲ್ಲಿ ಸೋರುತ್ತೆ ಅಂದರೂ ಸಾಕು, ಮುಂದಿನ ತಿಂಗಳು ಬಾಡಿಗೆ ಏರುತ್ತಿತ್ತು. ಹಾಗಾಗಿ ಹೇಳುವುದನ್ನೇ ಬಿಟ್ಟುಬಿಟ್ಟೆ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು, ಒಲೆ, ಕೊಳವೆ ಎಂದರೆ ನನಗೇನೂ ಹೆದರಿಕೆಯಿರಲಿಲ್ಲ. ಹಾಳಾದದ್ದನ್ನೆಲ್ಲ ನಾನೇ ಸರಿಮಾಡಿಕೊಂಡೆ. ಮನೆ ಚೆನ್ನಾಗಿ ಕಂಡರೆ ಹೊಸಬರು ನಮ್ಮನ್ನು ಹಾಗೇ ಇರಗೊಡುತ್ತಾರೆ, ಕೆಟ್ಟದಾಗಿ ಕಂಡರೆ ಎಲ್ಲ ಕಿತ್ತು ಹೊಸದು ಮಾಡಿ ದುಬಾರಿ ಬಾಡಿಗೆಯವರನ್ನು ತರುತ್ತಾರೆ ಎಂಬುದು ನನ್ನ ಎಣಿಕೆ.

ನೀವು ಶ್ರೀಮತಿ ಕ್ಯಾರಿಯನ್‌ಗೆ ಹೇಳುತ್ತಿದ್ದದ್ದೆಲ್ಲ ನನಗೆ ಅಡುಗೆಮನೆಯಿಂದಲೇ ಕೇಳುತ್ತಿತ್ತು. ಬಾಡಿಗೆಗೆ ಕೊಡಲೆಂದು ಆಕೆ ಕೊಳ್ಳುತ್ತಿದ್ದ ಮೊದಲ ಮನೆ ಇದು, ಇಪ್ಪತ್ತು ವರ್ಷ ಸ್ಕೂಲ್ ಬಸ್ ಓಡಿಸಿ ಕೂಡಿಟ್ಟ ಹಣ. ಮೊದಲು ಗೋಡೆಯ ಬಣ್ಣದ ಬಗ್ಗೆ ಕೇಳಿದರು. ನೀವು ನಕ್ಕಿರಿ. "ಬಣ್ಣ ಆಮೇಲೆ ನೋಡೋಣ. ಮೊದಲು ಸೂರು, ತಳಪಾಯ, ಕರೆಂಟು, ಫರ್ನೇಸ್. ಮಳೆ ನೀರು ಮನೆಯಿಂದ ಆಚೆ ಹೋಗುತ್ತಾ, ಒಳಗೆ ಬರುತ್ತಾ ನೋಡಿ. ಮೊದಲ ವರ್ಷದ ಬಾಡಿಗೆ ಕೈಗೆ ಬರುತ್ತೆ ಅಂತ ನಂಬ್ಕೋಬೇಡಿ, ರಿಪೇರಿಗೆ ತೆಗೆದಿಡಿ." ಬಚ್ಚಲಲ್ಲಿ ತಲೆಯೆತ್ತಿ ನೋಡಿ, "ಈ ಬಣ್ಣ ಇನ್ನೂ ಒಣಗಿಲ್ಲ" ಅಂದಿರಿ. ನಾನು ಸಿಂಕಿನ ಕಡೆ ತಿರುಗಿಬಿಟ್ಟೆ.

ಆಮೇಲೆ ನೆಲಮಾಳಿಗೆ. ನೀವು ಕರೆಯದಿದ್ದರೂ ಹಿಂದೆಯೇ ಇಳಿದೆ. ಎರಡೂ ಮನೆಗೆ ಬಿಸಿಗಾಳಿ ಕೊಡುವ ಫರ್ನೇಸ್ ಅಲ್ಲೇ ಇತ್ತು. ಎರಡು ಚಳಿಗಾಲದ ಹಿಂದೆ ಅದರ ಹೊಗೆ ಕೊಳವೆ ತುಕ್ಕು ಹಿಡಿದು ಕೀಲಿನಲ್ಲಿ ಬಿಟ್ಟುಕೊಂಡಿತ್ತು. ನಾನು ಅಡುಗೆ ಫಾಯಿಲ್ ಸುತ್ತಿ, ಮೇಲೆ ಬೆಳ್ಳಿ ಬಣ್ಣದ ಟೇಪು ಬಿಗಿದು, ಕಾಣದಿರಲೆಂದು ಮುಂದೆ ಉಪ್ಪಿನಕಾಯಿ ಜಾಡಿಗಳ ಕಪಾಟು ಸರಿಸಿದ್ದೆ. ವಿಷಗಾಳಿ ಪತ್ತೆಮಾಡುವ ನಿಮ್ಮ ಕೈಯ ಮೀಟರ್ ಕಿಚಗುಟ್ಟತೊಡಗಿತು. ನೀವು ಒಂದೊಂದೇ ಜಾಡಿಯನ್ನು ಕೆಳಗಿಟ್ಟು ಕಪಾಟನ್ನು ಪಕ್ಕಕ್ಕೆ ಎಳೆದಿರಿ. ಬಿಸಿಗೆ ಟೇಪು ಸುಲಿದು ನೇತಾಡುತ್ತಿತ್ತು.

"ಇದೊಂದು ಬರೀಬೇಡ ಕಣಪ್ಪ," ಅಂದೆ. "ನಿನ್ನ ಕೈ ಮುಗೀತೀನಿ. ಈ ವಯಸ್ಸಲ್ಲಿ ಎಲ್ಲಿಗೆ ಅಂತ ಹೋಗ್ಲಿ?"

ನೀವು ಮೀಟರಿನಿಂದ ಕಣ್ಣೆತ್ತಿ ಕೇಳಿದಿರಿ: "ಅಮ್ಮಾ, ಬೆಳಗ್ಗೆ ಎದ್ದಾಗ ತಲೆನೋವು ಇರುತ್ತಾ?"

"ಎಪ್ಪತ್ತೊಂದಾಯ್ತು. ತಲೆ ನೋಯದೆ ಇನ್ನೇನು ಮಾಡುತ್ತೆ?"

"ಈ ಕೊಳವೆ ಹೋಗೋ ಕಡೆ ಮೇಲ್ಗಡೆ ಯಾರು ಮಲಗ್ತಾರೆ?"

"ಬ್ರಿಯೆಲ್ ಮಗು. ಬಂಗಾರದಂಥ ಮಗು ಕಣಪ್ಪ. ಅಳೋದೇ ಇಲ್ಲ. ದಿನವಿಡೀ ನಿದ್ದೆ."

ಮಾತು ಮುಗಿಯುವಷ್ಟರಲ್ಲಿ ನೀವು ಗ್ಯಾಸ್ ನಿಲ್ಲಿಸಿ, ಕಾಲುಚೀಲದಲ್ಲೇ ಮೆಟ್ಟಿಲು ಹತ್ತಿ ಓಡಿದ್ದಿರಿ. ನನ್ನ ಬಾಯಿಂದ ಬಂದ ಮಾತಿನ ಅರ್ಥ ನನಗೆ ಆಗಲೇ ಹೊಳೆದದ್ದು: ಅದು ನಿದ್ದೆಯಲ್ಲ, ಹೊಗೆಯ ವಿಷದ ಮಂಪರು.

ಆಮೇಲಿನದು ನಿಮಗೆ ಗೊತ್ತು. ನಾವೆಲ್ಲ ಹಿಮದಲ್ಲಿ ನಿಂತಿದ್ದೆವು. ಮಗು ನಿಮ್ಮ ಕೋಟಿನೊಳಗಿತ್ತು. ಆಂಬುಲೆನ್ಸ್ ಬ್ರಿಯೆಲ್‌ಳನ್ನೂ ಮಗುವನ್ನೂ ಕರೆದೊಯ್ದಿತು, ಗ್ಯಾಸ್ ಕಂಪನಿಯವರು ಬಂದು ಗ್ಯಾಸ್ ಮೀಟರಿಗೆ ಬೀಗ ಹಾಕಿದರು. ಇಷ್ಟಾದ ಮೇಲೆ ಶ್ರೀಮತಿ ಕ್ಯಾರಿಯನ್ ಮನೆಯೇ ಬೇಡವೆನ್ನುತ್ತಾರೆಂದುಕೊಂಡೆ. ನೀವು ಜಗಲಿಯಲ್ಲಿ ಅವರಿಗೆ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಮನೆ ಕೆಟ್ಟದ್ದಲ್ಲ. ಈಗಿನ ಮಾಲೀಕರು ಹೊಸ ಫರ್ನೇಸ್ ಹಾಕಿಸಿಕೊಟ್ಟ ಮೇಲೆ ಸಹಿ ಹಾಕಿ. ಕೊಂಡ ಮೇಲೆ ವರ್ಷಕ್ಕೊಂದು ಸಲ ನೀವೇ ಬಂದು ಮೇಲೆ ಕೆಳಗೆ ನೋಡಿ. ದೂರು ಹೇಳೋ ಬಾಡಿಗೆದಾರರು ಸಿಕ್ಕಿದ್ರೆ ಪುಣ್ಯ ಅಂದ್ಕೊಳ್ಳಿ. ಹೇಳೋಕೆ ಹೆದರೋರು ಇರೋ ಮನೇಲೇ ಇಂಥದ್ದು ಆಗೋದು." ಅದನ್ನು ಹೇಳುವಾಗ ನೀವು ನನ್ನ ಕಡೆ ನೋಡಲಿಲ್ಲ.

ಎರಡು ರಾತ್ರಿ ಕಳೆದು ಮಗು ಆಸ್ಪತ್ರೆಯಿಂದ ಬಂತು. ವೈದ್ಯರು ಏನೂ ತೊಂದರೆಯಿಲ್ಲ ಅಂದರಂತೆ. ಹೊಸ ಫರ್ನೇಸ್ ಬರುವ ತನಕ ನಾನು ತಂಗಿಯ ಮನೆಯಲ್ಲಿದ್ದೆ. ಏಪ್ರಿಲಿನಲ್ಲಿ ಶ್ರೀಮತಿ ಕ್ಯಾರಿಯನ್ ಮನೆ ಕೊಂಡರು, ನಮ್ಮಿಬ್ಬರನ್ನೂ ಇಟ್ಟುಕೊಂಡರು. ಬಾಡಿಗೆ ಸ್ವಲ್ಪ ಏರಿತು, ಕೊಡುತ್ತಿದ್ದೇನೆ. ನಿಮ್ಮ ವರದಿಯ ಪ್ರತಿಯನ್ನು ಅವರು ನನಗೂ ಓದಲು ಕೊಟ್ಟರು. ಕೊಳವೆಯ ಬಗ್ಗೆ ಹೀಗಿತ್ತು: "ಕೀಲಿನಲ್ಲಿ ಹಳೆಯ ತಾತ್ಕಾಲಿಕ ದುರಸ್ತಿ ಕಂಡುಬಂದಿದೆ, ಅಪಾಯಕಾರಿ." ಯಾರು ಮಾಡಿದ್ದೆಂದು ಇರಲಿಲ್ಲ. ನನ್ನ ಅಡುಗೆಮನೆಯ ಕಿಟಕಿಗೂ ಅದೇ ಟೇಪು ಅಂಟಿಸಿದ್ದೆ, ಅದನ್ನು ನೀವು ಮುಟ್ಟಿ ನೋಡಿದ್ದಿರಿ. ನಿಮಗೆ ಗೊತ್ತಿತ್ತು.

ಬೇರೆ ಯಾರಿಗೂ ಗೊತ್ತಾಗದೇ ಹೋದದ್ದೇ ಕಷ್ಟವಾಯಿತು ನನಗೆ. ಜೋಸಾಯಾ ಅಳಲು ಶುರು ಮಾಡಿದ. ಅದೇನು ಗಂಟಲು ಅಂತೀರಿ! ಹಸಿವಾದರೆ ಅಳು, ಹೊಟ್ಟೆ ತುಂಬಿದರೆ ಅಳು, ಬಟ್ಟೆ ಹಾಕಿದರೆ ಅಳು, ಬಿಚ್ಚಿದರೂ ಅಳು. "ಆಸ್ಪತ್ರೇಲಿ ಮಗು ಅದಲು ಬದಲಾಯ್ತೋ ಏನೋ, ಮಿಸ್ ಅರ್ನೆಸ್ಟೀನ್," ಎಂದು ಬ್ರಿಯೆಲ್ ನಗುತ್ತಿದ್ದಳು. ಮರುಗಳಿಗೆಯೇ ಫೆರಾಂಟೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು, "ಆ ಜಿಪುಣ ನನ್ನ ಮಗೂನ ಸಾಯಿಸ್ತಿದ್ದ." ನಾನು ಹೂಂ ಅನ್ನುತ್ತಿದ್ದೆ. ಬೇಸಗೆಯಿಡೀ ಹೂಂ ಅಂದೆ. ಆತ ಜಿಪುಣನೇ ಹೌದು. ಆದರೆ ಕೊಳವೆ ಬಿಟ್ಟುಕೊಂಡದ್ದು ಅವನಿಗೆ ಗೊತ್ತೇ ಇರಲಿಲ್ಲ. ಹೇಳಬೇಕಾಗಿದ್ದವಳು ಹೇಳಿರಲಿಲ್ಲ.

ಸೆಪ್ಟೆಂಬರಿನಲ್ಲಿ ಮೇಲೆ ಹೋಗಿ ಎಲ್ಲ ಹೇಳಿಬಿಟ್ಟೆ. ಫಾಯಿಲ್, ಟೇಪು, ಕಪಾಟು, ಬರೀಬೇಡ ಎಂದು ನಿಮ್ಮನ್ನು ಬೇಡಿಕೊಂಡದ್ದು, ಎಲ್ಲ. ಬ್ರಿಯೆಲ್ ಬಟ್ಟೆ ಮಡಿಸುತ್ತಿದ್ದಳು. ಮಡಿಸುತ್ತಲೇ ಇದ್ದಳು. ಕೊನೆಗೆ, "ನೀವು ಸ್ವಲ್ಪ ದಿನ ಮೇಲೆ ಬರಬೇಡಿ," ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂರು ವಾರ ಹೋಗಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಅವಳು ತಲೆಯಾಡಿಸುತ್ತಿದ್ದಳು, ಅಷ್ಟೇ. ಆಮೇಲೊಂದು ಶನಿವಾರ ಮಧ್ಯಾಹ್ನ ಅವಳೇ ನನ್ನ ಬಾಗಿಲು ತಟ್ಟಿದಳು. ಕಣ್ಣು ಊದಿಕೊಂಡಿತ್ತು, ಕಂಕುಳಲ್ಲಿ ಮಗು. "ಮೂರು ರಾತ್ರಿ ನಿದ್ದೆಯಿಲ್ಲ, ಹಲ್ಲು ಬರ್ತಿದೆ ಇವನಿಗೆ. ಸ್ನಾನ ಮಾಡ್ಕೊಂಡು ಬರ್ತೀನಿ. ಅರ್ಧ ಗಂಟೆ." ನನ್ನ ಮುಖ ನೋಡದೆ ಮಗುವನ್ನು ನನ್ನ ಕೈಗಿಟ್ಟು ಹೋದಳು.

ಆ ಅರ್ಧ ಗಂಟೆಯೂ ಅವನು ಕಿರುಚಿದ. ಮುಖ ಕೆಂಪಾಯಿತು, ಮುಷ್ಟಿಯಿಂದ ನನ್ನ ಎದೆಗೆ ಗುದ್ದಿದ. ನಾಲ್ಕು ಮಕ್ಕಳನ್ನು ಬೆಳೆಸಿದವಳು ನಾನು, ಮಗುವನ್ನು ಸುಮ್ಮನಾಗಿಸುವ ಹತ್ತಾರು ಉಪಾಯ ಬಲ್ಲೆ. ಒಂದನ್ನೂ ಮಾಡಲಿಲ್ಲ. ಕಿಟಕಿಯ ಹತ್ತಿರ ಎತ್ತಿಕೊಂಡು ನಿಂತು ಕೇಳುತ್ತಾ ಇದ್ದೆ.

ನೀವು ಬರೆದಿರಿ, ಅದಕ್ಕೆ ನಿಮಗೆ ನನ್ನ ವಂದನೆ. ನನ್ನ ಹೆಸರು ಬರೆಯಲಿಲ್ಲ, ಅದಕ್ಕೂ. ನೀವು ಇಳಿಯುವ ಪ್ರತಿ ನೆಲಮಾಳಿಗೆಯಿಂದಲೂ ಕ್ಷೇಮವಾಗಿ ಮೇಲೆ ಬನ್ನಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತು,
ನಿಮಗೆ ಋಣಿಯಾದ
ಅರ್ನೆಸ್ಟೀನ್ ಗೂಲ್ಸ್‌ಬಿ